ಖಾರದ ಮಟನ್ ಜೊತೆ ರೆಡ್ ವೈನ್ ಬಾಯಿ ಸುಡೋದು ಯಾಕೆ?

ಮೊದಲನೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹಾಗಾಗಿ ಜಾಸ್ತಿ ಜಾಗ ಅದಕ್ಕೇ.

ಮಟನ್ ಜೊತೆ ಕುಡಿಯೋಣ ಅಂತ ದುಬಾರಿ ಕ್ಯಾಬರ್ನೆ ಸೋವಿನ್ಯೋ ರೆಡ್ ವೈನ್ ತಂದಿದ್ದೆ. ಒಂದೇ ಗುಟುಕಿಗೆ ಬಾಯೆಲ್ಲ ಉರಿ, ಕಹಿ. ಬಾಟಲಿ ಕೆಟ್ಟಿತ್ತಾ? – ಬಳ್ಳಾರಿ ಓದುಗರು

ಬಾಟಲಿಯನ್ನು ಬೈಯಬೇಡಿ. ಕೆಟ್ಟಿದ್ದು ಜೋಡಿ.

ಕ್ಯಾಬರ್ನೆ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ. ಆ ಸಿಪ್ಪೆ, ಬೀಜಗಳಿಂದ ವೈನ್‌ಗೆ ಟ್ಯಾನಿನ್ ಅನ್ನುವ ಒಗರಿನ ಅಂಶ ಇಳಿಯುತ್ತದೆ. ಅದು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡಾಗ, ನೇರಳೆಹಣ್ಣು ತಿಂದ ಹಾಗೆ ನಾಲಿಗೆ ಒಗರಾಗಿ ಒಣಗುತ್ತದೆ. ಬಾಯಲ್ಲಿ ಮಾಂಸ, ಕೊಬ್ಬು ಇದ್ದರೆ ಒಗರು ತಗ್ಗುತ್ತದೆ. ಅಂದರೆ ಮಟನ್ ಆರಿಸಿದ್ದು ಸರಿ. ಎಡವಟ್ಟಾಗಿದ್ದು ಖಾರದಲ್ಲಿ. ಇಂಥ ವೈನ್‌ನಲ್ಲಿ ಆಲ್ಕೋಹಾಲ್ ಶೇ 13–14ರಷ್ಟು ಇರುತ್ತದೆ. ಮೆಣಸಿನಕಾಯಿ ಉರಿ ಎಬ್ಬಿಸುವ ನರಗಳನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಉರಿಗೆ ಉರಿ ಸೇರುತ್ತದೆ.

ಗುಂಟೂರು ಮೆಣಸಿನಕಾಯಿ ಬಿಟ್ಟು ಬ್ಯಾಡಗಿ ಹಾಕಿ. ಬಣ್ಣ ಬರುತ್ತದೆ, ಖಾರ ಕಡಿಮೆ. ಉಳಿದ ಖಾರಕ್ಕೆ ಕಾಳುಮೆಣಸು ಸಾಕು. ಉಪ್ಪು ಸಪ್ಪೆ ಮಾಡಬೇಡಿ, ಅದೂ ಒಗರನ್ನು ತಗ್ಗಿಸುತ್ತದೆ. ಸಾರಿಗಿಂತ ಬೆಳ್ಳುಳ್ಳಿ, ಮೆಣಸು ಹಚ್ಚಿ ಹೆಂಚಿನ ಮೇಲೆ ಹುರಿದ ಚಾಪ್ಸ್ ಒಳ್ಳೆಯದು. ಮಾಂಸ ತಿನ್ನದವರಿಗೆ ಎಣ್ಣೆಗಾಯಿ ಇದೆ. ಶೇಂಗಾ, ಎಳ್ಳಿನ ಮಸಾಲೆ ಈ ವೈನ್‌ಗೆ ಚೆನ್ನಾಗಿ ಒಗ್ಗುತ್ತದೆ. ಮಂಡಕ್ಕಿ ಮಿರ್ಚಿ ಜೊತೆ ದಯವಿಟ್ಟು ಬೇಡ, ಅದಕ್ಕೆ ಮಜ್ಜಿಗೆಯೇ ಸರಿ. ಹೋಳಿಗೆ ಜೊತೆಗಂತೂ ವೈನ್ ಹುಳಿ-ಕಹಿಯಾಗಿ ಮುಖ ಕಿವುಚುವಂತಾಗುತ್ತದೆ.

ಇನ್ನೊಂದು ವಿಷಯ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಯುರೋಪಿನ ತಣ್ಣನೆ ಮನೆಗಳ ಮಾತು. ಬೇಕಿರುವುದು 16–18 ಡಿಗ್ರಿ. ಬಳ್ಳಾರಿ ಬೇಸಿಗೆ 40 ದಾಟುತ್ತದೆ, ಅಲ್ವಾ? ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೇ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಸೆಕೆ ಜಾಸ್ತಿ ಇದ್ದರೆ ಒಂದು ಗಂಟೆ. ಫ್ರೀಜರ್ ಬೇಡ, ತೀರಾ ತಣ್ಣಗಾದರೆ ಒಗರು ಇನ್ನೂ ಏರುತ್ತದೆ.

ಗ್ಲಾಸ್ ತುಂಬಿಸಬೇಡಿ, ಮೂರನೇ ಒಂದು ಭಾಗ ಸಾಕು. ಮೊದಲು ಬರೀ ವೈನ್ ಒಂದು ಗುಟುಕು, ಬಾಯಲ್ಲಿ ಸ್ವಲ್ಪ ಹೊತ್ತು ಆಡಿಸಿ. ಆಮೇಲೆ ಕೊಬ್ಬಿರುವ ಒಂದು ತುಂಡು ಚೆನ್ನಾಗಿ ಅಗಿದು ನುಂಗಿ, ತಕ್ಷಣ ಎರಡನೇ ಗುಟುಕು. ಒಗರು ಇಳಿದು ಹಣ್ಣಿನ ರುಚಿ ಮೇಲೆ ಬಂದರೆ ಜೋಡಿ ಕೂಡಿತು. ಉರಿ ಏರಿದರೆ ಗ್ಲಾಸ್ ಪಕ್ಕಕ್ಕಿಟ್ಟು ಊಟ ಮುಗಿಸಿ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕ್ಯಾಬರ್ನೆ ಬೆಳೆದು ವೈನ್ ಮಾಡುತ್ತಾರೆ, ಅದರಲ್ಲೇ ಪರೀಕ್ಷೆ ಮಾಡಿ ನೋಡಿ.

ವೈನನ್ನು ಹತ್ತು ವರ್ಷ ಬೀರುವಿನಲ್ಲಿಟ್ಟರೆ ರುಚಿ ಹೆಚ್ಚುತ್ತದಾ? – ರಾಯಚೂರು

ರಾಯಚೂರಿನ ಸೆಕೆಯಲ್ಲಿ ಕೆಡುತ್ತದೆ, ಮುಂದಿನ ಬೇಸಿಗೆಯೊಳಗೆ ಮುಗಿಸಿ.

ಐಸ್ ಹಾಕಬಹುದಾ? – ಗಂಗಾವತಿ

ಬೇಡ, ನೀರಾಗುತ್ತದೆ.

ಸೊಸೆ ಬಸುರಿ. ದಿನಾ ಒಂದು ಲೋಟ ರೆಡ್ ವೈನ್ ಕೊಟ್ಟರೆ ರಕ್ತ ಹೆಚ್ಚುತ್ತದೆ, ಮಗು ಬೆಳ್ಳಗಾಗುತ್ತದೆ ಅಂತ ಪರಿಚಯದ ವೈದ್ಯರೊಬ್ಬರು ಹೇಳಿದರು. – ಕೊಪ್ಪಳ

ಹಾಗೆ ಹೇಳಿದವರು ವೈದ್ಯರಲ್ಲ. ತಾಯಿ ಕುಡಿದ ಆಲ್ಕೋಹಾಲ್ ನೇರ ಮಗುವಿನ ರಕ್ತಕ್ಕೆ ಹೋಗುತ್ತದೆ, ಮಿದುಳಿನ ಬೆಳವಣಿಗೆಗೇ ಪೆಟ್ಟು. ವೈನ್ ಕೆಂಪಗಿದ್ದ ಮಾತ್ರಕ್ಕೆ ರಕ್ತ ಹೆಚ್ಚಲ್ಲ. ಅದರ ಟ್ಯಾನಿನ್ ಊಟದ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಒಂದು ಹನಿಯೂ ಬೇಡ. ಇವತ್ತೇ ನಿಲ್ಲಿಸಿ, ಇಷ್ಟು ದಿನ ಕೊಟ್ಟಿದ್ದರೆ ಹೆರಿಗೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಪ್ಪದೆ ನುಂಗಲಿ.