ಚಿಕ್ಕ ಚಿತ್ರಗಳನ್ನು ಬರೆಯುವವರು ಮಕ್ಕಳ ಪುಸ್ತಕದ ಪ್ರಕಾಶಕರನ್ನು ತಲುಪುವುದು ಹೇಗೆ?

ನೀವು ಡೊಂಬಿವಲಿಯಲ್ಲಿದ್ದೀರಿ, ಪೋಸ್ಟ್‌ಕಾರ್ಡ್ ಅಳತೆಯ ಜಲವರ್ಣ ಚಿತ್ರಗಳನ್ನು ಬರೆಯುತ್ತೀರಿ, ಕಥೆ ಬರೆಯುವ ಅಭ್ಯಾಸವಿಲ್ಲ. ಹೀಗಿರುವಾಗ ಮಕ್ಕಳ ಪುಸ್ತಕದ ಪ್ರಕಾಶಕರನ್ನು ತಲುಪುವುದು ಹೇಗೆ, ಎಲ್ಲವನ್ನೂ ದೊಡ್ಡದಾಗಿ ಮತ್ತೆ ಬರೆಯಬೇಕೇ, ಕನ್ನಡದಲ್ಲಿ ಅವಕಾಶವಿದೆಯೇ ಎಂದು ಕೇಳಿದ್ದೀರಿ. ಮುಂಬಯಿಯಲ್ಲೇ ಇದ್ದು ಬಹುಕಾಲದಿಂದ ಇದೇ ಕೆಲಸ ಮಾಡುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ. ಕಥೆ ನಿಮ್ಮದೇ ಆಗಬೇಕಿಲ್ಲ; ಪ್ರಕಾಶಕರಲ್ಲಿ ಚಿತ್ರಕ್ಕಾಗಿ ಕಾದಿರುವ ಕಥೆಗಳು ಸಾಕಷ್ಟಿರುತ್ತವೆ. ಚಿತ್ರ ಚಿಕ್ಕದೆಂಬುದೂ ಅಡ್ಡಿಯಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಚಿತ್ರಗಳನ್ನು ಕಳಿಸಿದರೆ, ಅವು ಎಷ್ಟೇ ಚೆನ್ನಾಗಿದ್ದರೂ, ಸಂಪಾದಕರಿಗೆ ನಿಮ್ಮ ಬಗ್ಗೆ ತಿಳಿಯಬೇಕಾದದ್ದು ತಿಳಿಯುವುದಿಲ್ಲ.

ಅವರಿಗೆ ತಿಳಿಯಬೇಕಾದದ್ದು ಇಷ್ಟೇ: ಮೊದಲ ಪುಟದಲ್ಲಿ ಕಂಡ ಮಗು ಕೊನೆಯ ಪುಟದಲ್ಲೂ ಅದೇ ಮಗುವಾಗಿ ಉಳಿಯುತ್ತದೆಯೇ, ಮತ್ತು ಒಂದು ಚಿತ್ರ ಮುಂದಿನ ಚಿತ್ರಕ್ಕೆ ದಾರಿ ಮಾಡಿಕೊಡುತ್ತದೆಯೇ. ಇದನ್ನು ತೋರಿಸಲು ನಾಲ್ಕೈದು ಚಿತ್ರಗಳ ಒಂದು ಸರಣಿ ಸಾಕು. ಮಾಟುಂಗಾ ಮಾರುಕಟ್ಟೆಗೆ ಅಜ್ಜಿಯ ಜೊತೆ ಬಂದ 6 ವರ್ಷದ ಹುಡುಗಿಯನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಅವಳು ಬಾಳೆಎಲೆಯ ಸುರುಳಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡಿದ್ದಾಳೆ. ಎರಡನೆಯದರಲ್ಲಿ ಹೂವಿನ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಲ್ಲಿಗೆಯನ್ನು ಮೊಳ ಹಾಕುವುದನ್ನು ನೋಡುತ್ತಿದ್ದಾಳೆ, ಸುರುಳಿ ನೆಲದ ಮೇಲಿದೆ. ಮೂರನೆಯದರಲ್ಲಿ ಸುತ್ತಲೂ ದೊಡ್ಡವರ ಕಾಲುಗಳು ಮತ್ತು ಚೀಲಗಳು, ಅಜ್ಜಿ ಎಲ್ಲೂ ಇಲ್ಲ. ನಾಲ್ಕನೆಯದರಲ್ಲಿ ಹುಡುಗಿಯ ಬೆನ್ನು ಮಾತ್ರ ಕಾಣುತ್ತದೆ, ದೂರದಲ್ಲಿ ಅಜ್ಜಿಯ ಸೀರೆಯ ಬಣ್ಣ. ಕಷ್ಟವಿರುವುದು ಈ ನಾಲ್ಕನೆಯದರಲ್ಲೇ. ಮುಖ ಕಾಣದಿದ್ದರೂ ಅವಳೇ ಎಂದು ಗೊತ್ತಾಗಬೇಕಾದರೆ ಎಡಗಡೆಯ ಸಡಿಲವಾದ ಜಡೆ, ಬಿಚ್ಚಿಕೊಂಡ ಫ್ರಾಕಿನ ಲಾಡಿ, ತುಸು ಒಳಮುಖವಾದ ಪಾದಗಳು ಮೊದಲ ಚಿತ್ರದಿಂದಲೂ ಹಾಗೆಯೇ ಬಂದಿರಬೇಕು. ತಲೆಗೂ ಎತ್ತರಕ್ಕೂ ಇರುವ ಪ್ರಮಾಣವನ್ನೂ ಕಾಯಬೇಕು: ಹುಟ್ಟಿದ ಮಗುವಿನ ಎತ್ತರ ಅದರ ತಲೆಯ 4ರಷ್ಟಿದ್ದರೆ, 6 ವರ್ಷದ ಹೊತ್ತಿಗೆ ಸುಮಾರು 6ರಷ್ಟು, ದೊಡ್ಡವರದು ಏಳೂವರೆಯಷ್ಟು. ನನಗೆ ತೋರಿಸಲೆಂದು ತರುವ ಮಾದರಿಗಳಲ್ಲಿ ಹುಡುಗಿ ಒಂದು ಪುಟದಲ್ಲಿ 4 ವರ್ಷದವಳಾಗಿ, ಮುಂದಿನದರಲ್ಲಿ 9 ವರ್ಷದವಳಾಗಿ ಕಾಣುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೂವು ಹಿಡಿದು ನಗುವ ಗುಂಡುಮುಖದ ಮಗುವಿನ ಚಿತ್ರವಂತೂ ಎಲ್ಲರ ಬಳಿಯೂ ಇರುತ್ತದೆ, ಅದನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ.

ಇನ್ನು ಅಳತೆಯ ವಿಷಯ. ಚಿಕ್ಕ ಚಿತ್ರವನ್ನು 600 ಡಿಪಿಐನಲ್ಲಿ (ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರೆ, ಮುದ್ರಣಕ್ಕೆ ಸಾಮಾನ್ಯವಾಗಿ ಕೇಳುವ 300 ಡಿಪಿಐಯಲ್ಲಿ ಅದನ್ನು ಎರಡು ಪಟ್ಟು ಹಿಗ್ಗಿಸಬಹುದು. 14 ಸೆಂಟಿಮೀಟರ್ ಉದ್ದದ ಪೋಸ್ಟ್‌ಕಾರ್ಡ್ 28 ಸೆಂಟಿಮೀಟರ್ ಆಗುತ್ತದೆ. ಆದರೆ ಹಿಗ್ಗಿಸಿದಾಗ ಗೆರೆಯೂ ದಪ್ಪವಾಗುತ್ತದೆ, ಕಾಗದದ ತರಿಯೂ ಎದ್ದು ಕಾಣುತ್ತದೆ, ತೆಳುವಾದ ಹಳದಿ ಸ್ಕ್ಯಾನಿನಲ್ಲೇ ಮಾಯವಾಗಿರುತ್ತದೆ. ಆದ್ದರಿಂದ ಇಡೀ ಪುಟ ತುಂಬುವ ಚಿತ್ರವನ್ನು ಪುಸ್ತಕದ ಅಳತೆಗಿಂತ ತುಸು ದೊಡ್ಡದಾಗಿಯೇ ಬರೆಯಿರಿ, ನಾಲ್ಕೂ ಕಡೆ ಕತ್ತರಿಸಿ ಹೋಗುವ 3 ಮಿಲಿಮೀಟರ್ ಅಂಚಿಗೂ ಚಿತ್ರವನ್ನು ಚಾಚಿ, ಎರಡು ಪುಟಗಳಿಗೆ ಹರಡುವ ಚಿತ್ರದಲ್ಲಿ ಹುಡುಗಿಯ ಮುಖ ಹೊಲಿಗೆಯ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಚಿಕ್ಕದಾಗಿ ಬರೆಯುವ ನಿಮ್ಮ ಕೈ ನಿಜವಾಗಿ ಉಪಯೋಗಕ್ಕೆ ಬರುವುದು ಇದಕ್ಕೂ ಮೊದಲಿನ ಹಂತದಲ್ಲಿ: ಇಡೀ ಪುಸ್ತಕದ ಪುಟಗಳನ್ನು ಅಂಚೆಚೀಟಿಯಷ್ಟು ಚೌಕಗಳಲ್ಲಿ ಒಂದೇ ಹಾಳೆಯ ಮೇಲೆ ಜೋಡಿಸುವ ನಕ್ಷೆಯಲ್ಲಿ. ಪಿನ್ ಹೊಡೆದ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರುವುದರಿಂದ 16, 24 ಅಥವಾ 32 ಪುಟಗಳೆಂದು ಹಿಡಿದು ಒಂದು ನಕ್ಷೆ ಮಾಡಿ, ಸರಣಿಯ ಜೊತೆಗೇ ಕಳಿಸಿ. ದೊಡ್ಡ ಕಾಗದಕ್ಕೆ ಒಗ್ಗಿಕೊಂಡವರಿಗೆ ಈ ಕೆಲಸ ಬೇಸರ ತರಿಸುತ್ತದೆ, ನಿಮಗೆ ತರಿಸಲಾರದು.

ಭಾರತದಲ್ಲಿ ಚಿತ್ರಪುಸ್ತಕ ಹೆಚ್ಚಾಗಿ ಒಂದೇ ಭಾಷೆಯಲ್ಲಿ ಹೊರಬರುವುದಿಲ್ಲ. ಚೆನ್ನೈಯ ತೂಲಿಕಾ ಪ್ರಕಾಶನವೂ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯೂ ಒಂದೇ ಚಿತ್ರಗಳಿಗೆ ಕನ್ನಡ, ತಮಿಳು, ಮರಾಠಿ, ಹಿಂದಿ ಮೊದಲಾದ ಭಾಷೆಗಳ ಪಠ್ಯ ಕೂಡಿಸಿ ಪುಸ್ತಕ ತರುತ್ತವೆ. ಹಾಗೆ ಮಾಡುವಾಗ ಅಕ್ಷರಗಳೆಲ್ಲ ಕಪ್ಪು ಬಣ್ಣದಲ್ಲಿದ್ದರೆ, ಮುದ್ರಣದ ನಾಲ್ಕು ಬಣ್ಣಗಳಿಗೆ ಒಂದೊಂದರಂತೆ ಇರುವ ಅಚ್ಚಿನ ಪ್ಲೇಟುಗಳಲ್ಲಿ ಕಪ್ಪಿನದೊಂದನ್ನೇ ಬದಲಿಸಿ ಉಳಿದ ಮೂರು ಬಣ್ಣಗಳ ಪ್ಲೇಟುಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಆದ್ದರಿಂದ ಅಂಗಡಿಯ ಬೋರ್ಡಿನ ಮೇಲಾಗಲಿ ಬಸ್ಸಿನ ಹಣೆಯ ಮೇಲಾಗಲಿ ಚಿತ್ರದೊಳಗೇ ಅಕ್ಷರ ಬರೆಯಬೇಡಿ. ಪಠ್ಯಕ್ಕೆ ಬಿಡುವ ಜಾಗವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಟ್ಟರೆ ಕನ್ನಡ ಹಿಡಿಸುವುದಿಲ್ಲ; ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಮಾದರಿ ಪುಟವೊಂದರಲ್ಲಿ ಕನ್ನಡದ ಮೂರು ಸಾಲುಗಳನ್ನು ನೀವೇ ಕೂಡಿಸಿ ತೋರಿಸಿದರೆ, ಈ ಮನುಷ್ಯರಿಗೆ ಪುಟವೆಂದರೇನೆಂದು ಗೊತ್ತಿದೆ ಎಂಬುದು ಸಂಪಾದಕರಿಗೆ ಹೇಳದೆಯೇ ತಿಳಿಯುತ್ತದೆ.

ಯಾರಿಗೆ ಕಳಿಸಬೇಕು ಎಂಬುದಕ್ಕೆ ಮೇಲಿನ ಎರಡು ಹೆಸರುಗಳಿಂದಲೇ ಆರಂಭಿಸಬಹುದು. ನಿಮಗೆ ಹತ್ತಿರದಲ್ಲಿ, ಮರಾಠಿ ಮಕ್ಕಳ ಚಿತ್ರಪುಸ್ತಕಗಳನ್ನು ಬಹಳ ಅಚ್ಚುಕಟ್ಟಾಗಿ ತರುವ ಪುಣೆಯ ಜ್ಯೋತ್ಸ್ನಾ ಪ್ರಕಾಶನವಿದೆ; ಭೋಪಾಲದ ಏಕಲವ್ಯ ಸಂಸ್ಥೆಯ ‘ಚಕಮಕ್’ 1985ರಿಂದ ನಡೆದುಬಂದಿರುವ ಮಕ್ಕಳ ಹಿಂದಿ ಮಾಸಿಕ, ಬಿಡಿ ಚಿತ್ರಗಳಿಗೆ ಪತ್ರಿಕೆಗಳಲ್ಲಿ ಪುಸ್ತಕಕ್ಕಿಂತ ಬೇಗ ಜಾಗ ಸಿಗುತ್ತದೆ. ಯಾರಿಗೇ ಕಳಿಸುವ ಮೊದಲೂ ಅವರ ನಾಲ್ಕು ಪುಸ್ತಕಗಳನ್ನಾದರೂ ಕೈಯಲ್ಲಿ ಹಿಡಿದು ನೋಡಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ನೂರಾರು ಕನ್ನಡ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು. ಅಲ್ಲಿ ನಿಮ್ಮ ಚಿತ್ರಗಳನ್ನೂ ಸೇರಿಸಬಹುದು. ಆದರೆ ಅಲ್ಲಿನ ಮುಕ್ತ ಪರವಾನಗಿಯ ಪ್ರಕಾರ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅವನ್ನು ಬಳಸಬಹುದು, ಮಾರಲೂಬಹುದು. ಮುಂದೆ ಮಾರಬೇಕೆಂದಿರುವ ಚಿತ್ರವನ್ನು ಅಲ್ಲಿ ಹಾಕಬೇಡಿ.

ಕನ್ನಡದಲ್ಲೇ ಪ್ರಕಟಿಸುವವರ ಮಾತು ಬೇರೆ. ಪೂರ್ತಿ ಬಣ್ಣದ ಚಿತ್ರಪುಸ್ತಕಕ್ಕೆ ಹಣ ಹೂಡುವ ಕನ್ನಡ ಪ್ರಕಾಶಕರು ಕಡಿಮೆ. ಶಿಶುಗೀತೆಗಳ ಸಂಕಲನ, ಮಕ್ಕಳ ಕಥೆ, ನಾಟಕ ಇವುಗಳಿಗೆ ಪುಟದ ಮೂಲೆಯಲ್ಲೋ ಪದ್ಯದ ಕೆಳಗೋ ಕೂರುವ ಕಪ್ಪು ಗೆರೆಯ ಚಿತ್ರಗಳನ್ನು ಕೇಳುವವರೇ ಹೆಚ್ಚು. ನಿಮ್ಮ ಅಳತೆಗೆ ಇದು ಹೇಳಿ ಮಾಡಿಸಿದ ಕೆಲಸ, ಜಲವರ್ಣವನ್ನು ಬದಿಗಿಟ್ಟು ಶಾಯಿ ಹಿಡಿಯಲು ಒಪ್ಪಿದರೆ. ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಡಿ, ಅಗ್ಗದ ಕಾಗದ ಶಾಯಿ ಹೀರಿ ಎಲ್ಲವೂ ಕಪ್ಪು ಮುದ್ದೆಯಾಗುತ್ತದೆ. ಇಂಥ ಪುಸ್ತಕ ಬರೆಯುವವರನ್ನು ಕಾಣಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲೋ ಕರ್ನಾಟಕ ಸಂಘದಲ್ಲೋ ನಡೆಯುವ ಪುಸ್ತಕ ಬಿಡುಗಡೆಗಳಿಗೆ ಬನ್ನಿ.

ಕೆಲಸ ಸಿಕ್ಕ ಸಂತೋಷದಲ್ಲಿ ಒಪ್ಪಂದವನ್ನು ಓದದೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ ಆಗುತ್ತಾರೆ. ಆದ್ದರಿಂದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಪ್ರಕಾಶಕರಿಗೆ ಇಂತಿಂಥ ಭಾಷೆಗಳಲ್ಲಿ ಇಷ್ಟು ವರ್ಷ ಮುದ್ರಿಸುವ ಅನುಮತಿ ಮಾತ್ರ ಎಂದು ಬರೆಸಿಕೊಳ್ಳಲು ಯತ್ನಿಸಿ. ಹಕ್ಕನ್ನೇ ವರ್ಗಾಯಿಸುವುದಾದರೆ ಅವಧಿ ನಮೂದಿಸದ ಪತ್ರಕ್ಕೆ 5 ವರ್ಷವೆಂದೂ, ಪ್ರದೇಶ ನಮೂದಿಸದ ಪತ್ರಕ್ಕೆ ಭಾರತವಷ್ಟೇ ಎಂದೂ 19ನೆಯ ಸೆಕ್ಷನ್ ಹೇಳುತ್ತದೆ. ಸಂಭಾವನೆ ಒಂದೇ ಸಲದ ಒಟ್ಟು ಮೊತ್ತವೋ ಮಾರಾಟದ ಮೇಲಿನ ರಾಯಧನವೋ, ತಿದ್ದುಪಡಿ ಎಷ್ಟು ಸಲ, ಕೆಲಸ ನಡುವೆ ನಿಂತರೆ ಎಷ್ಟು ಕೊಡುತ್ತಾರೆ, ಹೆಸರು ಮುಖಪುಟದ ಮೇಲೆ ಬರುತ್ತದೆಯೇ ಎಂಬುದನ್ನೂ ಮೊದಲೇ ಕೇಳಿ. ಕೇಳಿದರೆ ಕೆಲಸ ತಪ್ಪೀತೆಂಬ ಹೆದರಿಕೆ ಬೇಡ. ಮೂಲ ಚಿತ್ರಗಳನ್ನು ಅಂಚೆಯಲ್ಲಿ ಯಾರಿಗೂ ಕಳಿಸಬೇಡಿ. ಒಂದೇ ಪಿಡಿಎಫ್‌ನಲ್ಲಿ ನಕ್ಷೆ, ಸರಣಿ, ಎರಡು ಶಾಯಿ ಚಿತ್ರಗಳು, ಮೇಲೆ ನಾಲ್ಕು ಸಾಲಿನ ಪತ್ರ, ಇಷ್ಟು ಹೋದರೆ ಸಾಕು. ಉತ್ತರ ಬರಲು ತಿಂಗಳುಗಳೇ ಹಿಡಿಯುವುದುಂಟು, ಅಷ್ಟರಲ್ಲಿ ಎರಡನೆಯ ಸರಣಿಯನ್ನು ಆರಂಭಿಸಿ.