ಕುಕ್ಕರ್ ಸೀಟಿಗೂ ಬೆಚ್ಚಿಬೀಳುವ ಅಮ್ಮ

(ಹೆಸರು, ಗುರುತಿನ ವಿವರ ಬದಲಿಸಿದೆ)

ಸುಮಿತ್ರಮ್ಮನಿಗೆ 56 ವರ್ಷ. ಗಂಡ ತೀರಿಕೊಂಡಾಗ ನಿದ್ದೆ ಬರಲೆಂದು ಡಾಕ್ಟರ್ ಬರೆದುಕೊಟ್ಟ ಆಲ್ಪ್ರಜೋಲಾಮ್ 0.5 ಮಿ.ಗ್ರಾಂ. ಮಾತ್ರೆ ಆರು ವರ್ಷ ಹಾಗೇ ಮುಂದುವರಿದಿತ್ತು. ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನವರು ಕೊಡುತ್ತಿದ್ದರು. ಇದು ಶೆಡ್ಯೂಲ್ ಎಚ್1 ಔಷಧಿ, ಅಂದರೆ ಮಾರಾಟಕ್ಕೆ ಕಾನೂನಿನ ಬಿಗಿ ನಿಯಮ ಇರುವ ಪಟ್ಟಿಯದು, ಹಾಗೆಲ್ಲ ಕೊಡುವಂತಿಲ್ಲ. ಆದರೂ ನಡೆಯುತ್ತೆ, ಅಲ್ವಾ? "ಇದಕ್ಕೆ ಅಡಿಕ್ಟ್ ಆಗಿಬಿಟ್ಟಿದ್ದೀಯಮ್ಮ" ಎಂದು ಮಗ ಒಂದು ದಿನ ಸ್ಟ್ರಿಪ್ಪನ್ನೇ ಕಸದ ಬುಟ್ಟಿಗೆ ಎಸೆದ.

ಐದನೇ ದಿನ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದರು. ಎರಡೂ ಕಿವಿಯಲ್ಲಿ ಹತ್ತಿ. ನೀರಿನ ಲೋಟ ಹಿಡಿದ ಕೈ ನಡುಗಿ ಸೀರೆ ಒದ್ದೆಯಾಯಿತು. "ಕುಕ್ಕರ್ ಸೀಟಿಗೆ ಎದೆ ಒಡೆದ ಹಾಗಾಗುತ್ತೆ ಮೇಡಂ. ಟ್ಯೂಬ್‌ಲೈಟ್ ನೋಡೋಕಾಗಲ್ಲ. ಮೈಮೇಲೆ ಇರುವೆ ಹರಿದ ಹಾಗೆ." ಮಗ ಪಕ್ಕದಲ್ಲೇ ಗೊಣಗಿದ: "ಮಾತ್ರೆ ಬೇಕಲ್ಲ, ಅದಕ್ಕೆ ನಾಟಕ."

ಇಂಥಾ ಹೊತ್ತಲ್ಲಿ ಮಾತಿನ ಸಲಹೆ ಆಮೇಲೆ. ಬೆಂಜೊಡಯಜೆಪಿನ್ ಎಂಬ ಈ ಗುಂಪಿನ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ.

ಮುಂದಿನ ಭೇಟಿಯಲ್ಲಿ ಮಗನನ್ನು ಕೂರಿಸಿಕೊಂಡು ವಿವರಿಸಿದೆ. ಮಿದುಳಿನ ಓಟಕ್ಕೆ ಕಡಿವಾಣ ಹಾಕುವ ರಾಸಾಯನಿಕ ಗಾಬಾ. ಅದು ಹೋಗಿ ಕೂರುವ, ನರಕೋಶದ ಮೇಲಿನ ಗ್ರಾಹಕದ (ರಿಸೆಪ್ಟರ್) ಮೇಲೆ ಈ ಮಾತ್ರೆಗೂ ಒಂದು ಜಾಗ ಇದೆ. ಮಾತ್ರೆ ಅಲ್ಲಿ ಕೂತರೆ ಗಾಬಾದ ಕೆಲಸಕ್ಕೆ ಬಲ ಜಾಸ್ತಿ. ನರಕೋಶದೊಳಗೆ ಕ್ಲೋರೈಡ್ ಹೆಚ್ಚು ನುಗ್ಗುತ್ತೆ, ಕೋಶ ತಣ್ಣಗಾಗುತ್ತೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಸುಮ್ನೆ ಇರಲ್ಲ. ಆ ಗ್ರಾಹಕಗಳು ಮೊದಲಿನಷ್ಟು ಸ್ಪಂದಿಸುವುದಿಲ್ಲ. ಇತ್ತ ಮಿದುಳನ್ನು ಕೆರಳಿಸುವ ಇನ್ನೊಂದು ರಾಸಾಯನಿಕ ಗ್ಲುಟಮೇಟ್ ಕಡೆಯ ವ್ಯವಸ್ಥೆ ಚುರುಕಾಗುತ್ತೆ. ಬಾಗಿಲನ್ನು ಇಬ್ಬರು ಎರಡೂ ಕಡೆಯಿಂದ ತಳ್ಳುತ್ತಿರುವಾಗ ಒಬ್ಬರು ಹಠಾತ್ತನೆ ಕೈಬಿಟ್ಟರೆ? ಇನ್ನೊಬ್ಬರು ಮುಗ್ಗರಿಸುತ್ತಾರೆ. ನಿಮ್ಮಮ್ಮನಿಗೆ ಆಗಿದ್ದು ಅದೇ.

"ಹಾಗಾದರೆ ಮಿದುಳು ಹಾಳಾಯ್ತಾ?" ಎಂದು ಕೇಳಿದ. ಇಲ್ಲ. ಹೊಂದಿಕೊಂಡದ್ದು ನಿಧಾನಕ್ಕೆ ವಾಪಸ್ ಹೊಂದಿಕೊಳ್ಳುತ್ತೆ. ಆದರೆ ಒಂದೇ ಸಮನೆ ಅಲ್ಲ. ನಾಲ್ಕು ದಿನ ಚೆನ್ನಾಗಿದ್ದು ಐದನೇ ದಿನ ಕುಸಿಯಬಹುದು. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗಾಗಿಯೇ ಕ್ಲಿನಿಕ್ ನಡೆಸಿದ ವೈದ್ಯೆ ಹೆದರ್ ಆಶ್ಟನ್ ಒತ್ತಿ ಹೇಳಿದ್ದು ಇದನ್ನೇ: ಆತುರ ಬೇಡ, ವೇಗವನ್ನು ರೋಗಿಯ ಮೈ ನೋಡಿ ನಿರ್ಧರಿಸಬೇಕು.

ವೈದ್ಯರು ಆಲ್ಪ್ರಜೋಲಾಮ್ ಬದಲು ಅದೇ ಗುಂಪಿನ, ಆದರೆ ಮೈಯಿಂದ ನಿಧಾನಕ್ಕೆ ಹೊರಹೋಗುವ ಡಯಜೆಪಾಮ್ ಕೊಟ್ಟರು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಕೆ. ತಡೆಯೋಕಾಗದಿದ್ದರೆ ಅದೇ ಡೋಸ್‌ನಲ್ಲಿ ನಿಲ್ಲುವುದು.

ನನ್ನ ಸಲಹೆ ಸಣ್ಣದು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರಿ. ಬೆಳಿಗ್ಗೆ ಮಾತ್ರ ಒಂದೇ ಹೊತ್ತಿಗೆ ಏಳಿ. ಗಂಡನ ಸಾವಿನ ದುಃಖ ಮಾತ್ರೆಯಡಿ ಹಾಗೇ ಉಳಿದಿತ್ತು, ಅದನ್ನು ಬೇರೆಯಾಗಿ ಮಾತಾಡಿದೆವು. ಮಗನಿಗೆ ಮಾತ್ರ ಕಟ್ಟುನಿಟ್ಟು: ಮಾತ್ರೆ ಎಣಿಸಿ ಕೊಡು, ಬೈಯಬೇಡ. ಫಿಟ್ಸ್, ಗೊಂದಲ, ಇಲ್ಲದ್ದು ಕಂಡ ಹಾಗೆ ಆದರೆ ನನಗೆ ಫೋನ್ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗು.

ಈಗ ಡೋಸ್ ಅರ್ಧಕ್ಕಿಂತ ಕೆಳಗಿದೆ. ಹೋದ ತಿಂಗಳು ಒಂದು ಇಳಿಕೆ ತಡೆಯಲಾಗದೆ ವೈದ್ಯರು ಅಲ್ಲೇ ನಿಲ್ಲಿಸಿದ್ದಾರೆ. ಮಗನಿಗೆ ಅದು ಸೋಲಿನಂತೆ ಕಂಡಿದೆ, ಅವನ ಜೊತೆ ಇನ್ನೂ ಮಾತಾಡುವುದಿದೆ.