ಆಮ್ಲಜನಕದೊಳಗೆ ಆಮ್ಲ ಬಂದದ್ದು ಹೇಗೆ?

ಉಸಿರಾಡುವ ಅನಿಲದಲ್ಲಿ ಹುಳಿಯೇ ಇಲ್ಲದಿರುವಾಗ ಅದಕ್ಕೆ ‘ಆಮ್ಲಜನಕ’ ಎಂಬ ಹೆಸರೇಕೆ, ಇದು ನಮ್ಮ ಅನುವಾದಕರ ತಪ್ಪೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ, ತಪ್ಪಿನ ಬೇರು ಫ್ರಾನ್ಸಿನಲ್ಲಿದೆ. ಅಲ್ಲಿನ ರಸಾಯನವಿಜ್ಞಾನಿ ಲಾವಾಸಿಯೇ ಎಂಬವರು ಗಂಧಕವನ್ನೂ ರಂಜಕವನ್ನೂ ಉರಿಸಿ, ಬಂದ ವಸ್ತುವನ್ನು ನೀರಿನಲ್ಲಿ ಕರಗಿಸಿದಾಗ ಆಮ್ಲ ಸಿಕ್ಕಿತು. ಉರಿಯುವಾಗ ಸೇರಿಕೊಳ್ಳುವ ಈ ಅನಿಲವೇ ಎಲ್ಲ ಆಮ್ಲಗಳಿಗೂ ಮೂಲವೆಂದು ಅವರು ನಂಬಿದರು. ಹುಳಿ, ಹುಟ್ಟಿಸು ಎಂಬರ್ಥದ ಗ್ರೀಕ್ ಮೂಲಗಳನ್ನು ಜೋಡಿಸಿ ‘ಆಕ್ಸಿಜನ್’ ಎಂಬ ಹೆಸರು ಕಟ್ಟಿದರು; ನಮ್ಮ ‘ಆಮ್ಲಜನಕ’ ಅದರದೇ ಅನುವಾದ. 1810ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು ಎಂದು ಸಾರಿದಾಗ ಆ ನಂಬಿಕೆ ಕುಸಿಯಿತು. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಆಗುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಲವಲೇಶವೂ ಇಲ್ಲ!

ಹೆಸರು ಮಾತ್ರ ಗಟ್ಟಿಯಾಗಿ ನಿಂತಿತು. ಜರ್ಮನ್ನಿನ ‘ಸೌವರ್‌ಸ್ಟೋಫ್’, ರಷ್ಯನ್ನಿನ ‘ಕಿಸ್ಲರೋದ್’ ಎರಡರಲ್ಲೂ ಹುಳಿಯೇ ಇದೆ. ಡಚ್ ಪುಸ್ತಕಗಳ ಮೂಲಕ ಜಪಾನಿಗೆ ಹೋಗಿ ‘ಸಾನ್ಸೋ’ ಆಯಿತು, ಅಲ್ಲಿಯೂ ‘ಸಾನ್’ ಎಂದರೆ ಹುಳಿ. ಚೀನೀಯರು ಬೇರೆ ದಾರಿ ಹಿಡಿದರು: ‘ಯಾಂಗ್‌ಚಿ’, ಅಂದರೆ ಪೋಷಿಸುವ ಗಾಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಂದರವಾದ ಹೆಸರು ಅದೇ.

ಅಂದಹಾಗೆ, ಇದೇ ಅಚ್ಚಿನಲ್ಲಿ ಮೂಡಿದ ನಮ್ಮ ‘ಜಲಜನಕ’ದಲ್ಲಿ ದೋಷವಿಲ್ಲ. ಹೈಡ್ರೋಜನ್ ಉರಿದರೆ ನಿಜವಾಗಿಯೂ ನೀರು ಹುಟ್ಟುತ್ತದೆ.